ನೀಲಮ್ಮನ ಅಗ್ಲೋನಿಮಾ ಕುಂಡಗಳು

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಗಂಗಾವತಿಯಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ನನ್ನೂರು ಮಂಗಳೂರು. ಕಡಲತೀರದ್ದಲ್ಲ, ಯಲಬುರ್ಗಾ ಕಡೆಯ ನಮ್ಮ ಎರೆಮಣ್ಣಿನ ಮಂಗಳೂರು. ಇದನ್ನು ಸೇವೆಯುದ್ದಕ್ಕೂ ಹೋದಲ್ಲೆಲ್ಲ ಬಿಡಿಸಿ ಹೇಳಬೇಕಾಯಿತು. ಗಂಗಾವತಿಗೆ ಬರುವ ಮೊದಲು ಎಂಟು ವರ್ಷ ಕುಷ್ಟಗಿಯಲ್ಲಿ ದಾಳಿಂಬೆ ತೋಟಗಳನ್ನು ಸುತ್ತಿದ್ದೆ. ಎಲೆ ನೋಡಿದರೆ ಸಾಕು, ರೋಗದ ಹೆಸರು ಹೇಳಿಬಿಡುತ್ತೇನೆ ಎಂಬ ಹಮ್ಮು ನನಗಿತ್ತು. ಅದನ್ನು ಇಳಿಸಿದ್ದು ದಾಳಿಂಬೆಯಲ್ಲ, ಮನೆಯೊಳಗೆ ಚಂದಕ್ಕೆ ಇಡುವ ಒಂದು ಗಿಡ.

ಶ್ರೀರಾಮನಗರದ ಪಕ್ಕದ ಹಳ್ಳಿಯ ನೀಲಮ್ಮ ಅಗ್ಲೋನಿಮಾ ಬೆಳೆಸುತ್ತಿದ್ದಳು. ದೂರದ ಪೂರ್ವ ದೇಶಗಳ ದಟ್ಟ ಕಾಡಿನಲ್ಲಿ, ದೊಡ್ಡ ಮರಗಳ ಬುಡದ ನೆರಳಿನಲ್ಲಿ ಬೆಳೆಯುವ ಗಿಡ ಅದು. ಹಸಿರು ಎಲೆಯ ಮೇಲೆ ಬೆಳ್ಳಿ ಬಣ್ಣದ ಪಟ್ಟೆ, ಕೆಲವು ತಳಿಗಳಲ್ಲಿ ಗುಲಾಬಿ ಚುಕ್ಕೆ. ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತದೆ, ಊಟವೂ ಅದಕ್ಕೆ ಬಹಳ ಕಡಿಮೆ ಸಾಕು. ಸುತ್ತ ಹತ್ತು ಹಳ್ಳಿಗೆ ಭತ್ತ ಬಿಟ್ಟು ಬೇರೆ ಬೆಳೆ ಗೊತ್ತಿಲ್ಲದ ಕಡೆ ಈ ಹೆಣ್ಣುಮಗಳು ಲಾಕ್‌ಡೌನಿನಲ್ಲಿ ನಾಲ್ಕು ಕುಂಡದಿಂದ ಶುರುಮಾಡಿ, ದನ ಕಟ್ಟುತ್ತಿದ್ದ ಹಳೆಯ ಶೆಡ್ಡಿಗೆ ಹಸಿರು ನೆರಳುಪರದೆ ಕಟ್ಟಿಸಿಕೊಂಡು ಗಿಡ ಮಾಡುತ್ತಿದ್ದಳು. ಕೊಪ್ಪಳದ ಒಂದು ಹೊಸ ಆಸ್ಪತ್ರೆಯವರು ಬಿಸಿಲು ಬಾರದ ತಮ್ಮ ವರಾಂಡಗಳಿಗೆಂದು ಇನ್ನೂರ ನಲವತ್ತು ಕುಂಡ ಕೇಳಿದ್ದರು. ಅವಳ ಮೊದಲ ದೊಡ್ಡ ಬೇಡಿಕೆ ಅದು.

ಆದರೆ ಆ ಶೆಡ್ಡಿನ ಮೇಲೆ ಅವಳ ಗಂಡನ ಅಣ್ಣ, ಅಂದರೆ ಭಾವನ ಕಣ್ಣೂ ಇತ್ತು. ಹೊಸ ಟ್ರ್ಯಾಕ್ಟರ್ ಬಂದಿತ್ತು, ನಿಲ್ಲಿಸಲು ಜಾಗ ಬೇಕಿತ್ತು. ಮಾವ ಹನುಮಪ್ಪ ಮನೆಮಂದಿಯನ್ನೆಲ್ಲ ಕೂಡಿಸಿ ತೀರ್ಪು ಕೊಟ್ಟಿದ್ದ: ದೀಪಾವಳಿಯೊಳಗೆ ಕುಂಡಗಳು ಕೊಪ್ಪಳಕ್ಕೆ ಹೋದರೆ ಶೆಡ್ಡು ಸೊಸೆಗೆ, ಇಲ್ಲದಿದ್ದರೆ ಟ್ರ್ಯಾಕ್ಟರಿಗೆ. ಗಡುವಿಗೆ ಏಳು ವಾರ ಇದ್ದಾಗ ನೀಲಮ್ಮ ನನಗೆ ಫೋನ್ ಮಾಡಿದಳು.

"ಸರ್, ಎಲಿ ತುದಿ ಕಂದ್ಯಾವ್ರಿ. ಒಂದಲ್ಲ ಎರಡಲ್ಲ, ಸಾಲಿಗಿ ಸಾಲು ಹಿಡಿದೈತಿ."

ಅಂದು ಮಧ್ಯಾಹ್ನವೇ ಹೋದೆ. ಎಂಬತ್ತು ಕುಂಡಗಳ ಒಂದೊಂದು ಸಾಲು, ಒಟ್ಟು ಮೂರು. ಮೊದಲ ಸಾಲಿನ ಎಲೆಗಳ ಅಂಚು ಸುಟ್ಟ ರೊಟ್ಟಿಯಂತೆ ಕಂದಿತ್ತು, ಎರಡನೆಯದರಲ್ಲಿ ಆಗಷ್ಟೇ ಶುರುವಾಗಿತ್ತು. ನಾನು ಬಗ್ಗಿ ನೋಡುವ ಮೊದಲೇ ನನ್ನ ತೀರ್ಮಾನ ಮುಗಿದಿತ್ತು. ಮಳೆಗಾಗಿ ಮುಗಿಲು ನೋಡುತ್ತ ಬೆಳೆದ ಒಣಸೀಮೆಯವನು ನಾನು. ಈ ಕಾಲುವೆ ಕೆಳಗಿನ ಮಂದಿ ಗಿಡ ಕಂಡಲ್ಲಿ ನೀರು ನಿಲ್ಲಿಸುತ್ತಾರೆ ಎಂಬ ಸಿಟ್ಟು, ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು, ಮೊದಲಿನಿಂದಲೂ ನನ್ನಲ್ಲಿತ್ತು. "ನೀರು ಹೆಚ್ಚಾಗಿ ಬೇರು ಕೊಳೆಯಾಕತ್ತೈತ್ರಿ ತಂಗಿ. ಹತ್ತು ದಿನ ಹನಿ ನೀರು ಹಾಕಬ್ಯಾಡ್ರಿ," ಎಂದು ಹೇಳಿ ಚಹಾ ಕುಡಿದು ಬಂದೆ. ಒಂದು ಕುಂಡವನ್ನೂ ಬೋರಲು ಹಾಕಿ ಬೇರು ನೋಡಲಿಲ್ಲ.

ಹತ್ತನೆಯ ದಿನ ಮತ್ತೆ ಹೋದಾಗ ಮೊದಲೆರಡು ಸಾಲುಗಳಲ್ಲಿ ನಲವತ್ತಾರು ಗಿಡ ಸತ್ತಿದ್ದವು. ನೀಲಮ್ಮ ಅವನ್ನು ಒಂದೊಂದಾಗಿ ಎಣಿಸಿ ತೋರಿಸಿದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಈ ಸಲ ಕುಂಡ ಬೋರಲು ಹಾಕಿದೆ. ಬೇರು ಕೊಳೆತಿರಲಿಲ್ಲ, ತುದಿ ಸುಟ್ಟು ಕಪ್ಪಾಗಿತ್ತು. ಕುಂಡಕ್ಕೆ ಕುಡಿಯುವ ನೀರು ಹೊಯ್ದು, ತಳದಿಂದ ಸೋರಿದ್ದನ್ನು ಲೋಟದಲ್ಲಿ ಹಿಡಿದು ಇ.ಸಿ. ಮೀಟರ್ ಅದ್ದಿದೆ. ನೀರಿನಲ್ಲಿ ಲವಣ ಎಷ್ಟು ಕರಗಿದೆ ಎಂದು ತೋರಿಸುವ, ಪೆನ್ನಿನಷ್ಟು ಉದ್ದದ ಉಪಕರಣ ಅದು. ಈ ಗಿಡ ತಡೆಯುವುದಕ್ಕಿಂತ ಮೂರು ಪಟ್ಟು ಹೆಚ್ಚು ತೋರಿಸಿತು. ಯಾರೋ ರಸಗೊಬ್ಬರ ಹಾಕಿದ್ದರು. ಮೇಲಿಂದ ನಾನು ನೀರು ನಿಲ್ಲಿಸಿ, ಇದ್ದ ಗೊಬ್ಬರ ಇನ್ನಷ್ಟು ಗಟ್ಟಿಯಾಗಿ ಬೇರು ಸುಡುವಂತೆ ಮಾಡಿದ್ದೆ.

"ಗೊಬ್ಬರ ಹಾಕೀರೇನ್ರಿ?" ಎಂದೆ.

"ಒಂದು ಕಾಳೂ ಹಾಕಿಲ್ರಿ."

ನಾನು ನಂಬದೆ ಅವಳ ಮುಖ ನೋಡಿದೆ. ಅವಳಿಗೆ ಅದು ತಟ್ಟಿತು. "ಸುಳ್ಳು ಹೇಳೂ ಗರಜು ನನಗೇನೈತ್ರಿ ಸರ್? ನೀರು ಬ್ಯಾಡ ಅಂದ್ರಿ, ಕಣ್ಣೆದುರಿಗೆ ಒಣಗಿದ್ರೂ ಹಾಕ್ಲಿಲ್ಲ," ಎಂದು ಒಂದು ನೋಟ್‌ಬುಕ್ ತಂದು ನನ್ನ ಕೈಗಿಟ್ಟಳು. ಯಾವ ಸಾಲನ್ನು ಯಾವತ್ತು ಕುಂಡಕ್ಕೆ ಏರಿಸಿದ್ದು, ಯಾವತ್ತು ನೀರು, ಯಾವತ್ತು ಎಲೆ ಕಂದಿದ್ದು, ಎಲ್ಲ ದುಂಡಗಿನ ಅಕ್ಷರದಲ್ಲಿತ್ತು. ಗೊಬ್ಬರದ ಮಾತೇ ಇರಲಿಲ್ಲ. ನನಗೆ ನಾಚಿಕೆಯಾಯಿತು.

ದಿಕ್ಕು ತೋಚದೆ, ಮನೆಯ ಮುಂದಿನ ಕಟ್ಟೆಯ ಮೇಲಿದ್ದ ಹನುಮಪ್ಪನ ಪಕ್ಕ ಹೋಗಿ ಕೂತೆ. ಎದುರಿಗೆ ಕಣ್ಣು ಹಾಯುವಷ್ಟು ದೂರ ಅವನ ಭತ್ತ, ಒಂದೇ ಎತ್ತರ, ಒಂದೇ ಬಣ್ಣ. ನೀಲಮ್ಮ ಚಹಾ ತಂದು ಕೊಟ್ಟು ಬಾಗಿಲಲ್ಲೇ ನಿಂತಳು. ಏನಾದರೂ ಮಾತಾಡಬೇಕಲ್ಲ ಎಂದು "ಪೈರು ಭಾಳ ಛಲೋ ಐತ್ರಿ ಯಜಮಾನ್ರ," ಎಂದೆ.

ಮುದುಕ ಖುಷಿಯಾದ. "ಎಲ್ಲಾ ಲೆಕ್ಕದಾಗ ಐತ್ರಿ ಸಾಹೇಬ್ರ. ನಾಟಿ ಆಗಿ ಇಪ್ಪತ್ತೈದನೇ ದಿನಕ್ಕ ಯೂರಿಯಾ ಬೀಳಬೇಕು, ಹಿಂದ ಮುಂದ ಆಗಬಾರ್ದು. ಪೈರು ಯಾವ್ದರ ಇರ್ಲಿ, ಬೇರು ಹಿಡಿದ ಮ್ಯಾಲ ಹೊಟ್ಟಿಗಿ ಕೇಳತೈತಿ."

ಯಾವ್ದರ ಇರ್ಲಿ ಎಂಬ ಮಾತು ಕಿವಿಯಲ್ಲೇ ಉಳಿಯಿತು. ನಮ್ಮ ಕಡೆ ಮೇಲುಗೊಬ್ಬರಕ್ಕೆ ದಿನದ ಲೆಕ್ಕ ಇಲ್ಲ, ಮಳೆ ಬಂದಾಗ ಹಾಕುವುದು. ಹಾಗಾಗಿ ನನಗೆ ಇದು ಹೊಳೆದೇ ಇರಲಿಲ್ಲ. ನೋಟ್‌ಬುಕ್ ಬಿಚ್ಚಿ ಬೆರಳು ಮಡಚಿ ಎಣಿಸಿದೆ. ಮೊದಲ ಸಾಲು ಕಂದಿದ್ದು ಕುಂಡಕ್ಕೇರಿಸಿದ ಇಪ್ಪತ್ತೆಂಟನೇ ದಿನ. ಎರಡನೇ ಸಾಲು ಇಪ್ಪತ್ತೊಂಬತ್ತಕ್ಕೆ. ಇನ್ನೂ ಹಸಿರಾಗಿದ್ದ ಮೂರನೇ ಸಾಲಿಗೆ ಅಂದು ಇಪ್ಪತ್ನಾಲ್ಕು.

"ಯಜಮಾನ್ರ," ಎಂದೆ ಮೆಲ್ಲಗೆ, "ನಾಳೆ ಮೂರನೇ ಸಾಲಿಗಿ ಯೂರಿಯಾ ಹಾಕೋರಿದ್ರೇನು?"

ಹನುಮಪ್ಪ ಚಹಾದ ಬಸಿ ಕೆಳಗಿಟ್ಟ. ನನ್ನನ್ನು ನೋಡಲಿಲ್ಲ, ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದ. "ಒಂದೊಂದು ಚಿಟಿಕಿ ಹಾಕಿದ್ನವ್ವ. ನೀ ಮುಂಜಾನೆ ಎಮ್ಮಿ ಹಿಂಡಾಕ ಕುಂತಾಗ. ಎಲಿ ಕಂದಿದ್ದು ನೋಡಿ, ಹಸಿವು ನೀಗಿಲ್ಲ ಅಂತ ಮತ್ತೊಂದು ಚಿಟಿಕಿ ಹಾಕಿದ್ನಿ."

"ಮಾವಾರ, ನೀವಾ?"

"ಮನಿ ಮಂದಿ ಮುಂದ ಗಡುವು ಹೇಳಬೇಕಾತು, ಹೇಳಿದ್ನಿ. ಇಬ್ಬರು ಮಕ್ಕಳ ನಡುವ ಬ್ಯಾರೆ ಹೆಂಗ ಮಾಡ್ಲಿ? ಆದ್ರ ನೀ ಸೋಲಬಾರ್ದು ಅಂತಿತ್ತು ನನ್ನ ಮನಸಿನ್ಯಾಗ."

ನೀಲಮ್ಮನ ಕಣ್ಣು ತುಂಬಿದವು. ಆಮೇಲೆ ಅವಳಿಗೆ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ನಾನು ಎದ್ದು ನಿಂತು, ಮೂವತ್ತು ವರ್ಷದ ನೌಕರಿಯಲ್ಲಿ ಯಾವ ರೈತನಿಗೂ ಹೇಳಿರದ ಮಾತು ಹೇಳಿದೆ: "ಹನುಮಪ್ಪಾರದು ಅರ್ಧ ತಪ್ಪು. ಉಳಿದರ್ಧ ನಂದು. ನೀರು ಬಂದ್ ಮಾಡಿಸಿದಾಂವ ನಾನು."

ಮದ್ದು ಸರಳವಿತ್ತು, ನಾನು ಬೇಡವೆಂದ ನೀರೇ ಮದ್ದು. ಕುಂಡದ ತಳದಿಂದ ಧಾರೆಯಾಗಿ ಸೋರುವವರೆಗೆ ಮತ್ತೆ ಮತ್ತೆ ಸಿಹಿನೀರು ಹೊಯ್ದು ಗೊಬ್ಬರ ತೊಳೆದು ತೆಗೆಯಬೇಕು. ಅಂದು ಸಂಜೆಯವರೆಗೆ ಮೂವರೂ ಕೊಡ ಹೊತ್ತೆವು. ಎಪ್ಪತ್ತರ ಹನುಮಪ್ಪನನ್ನು ಕೂರಿಸಲು ನೋಡಿದರೂ ಅವನು ಕೂರಲಿಲ್ಲ. ಪ್ಯಾಂಟು ಮಡಚಿ, ಕೆಸರು ತುಳಿಯುತ್ತ ನೀರು ಹೊತ್ತ ಆ ಸಂಜೆಯಷ್ಟು ಸಂತೋಷ ನನಗೆ ಯಾವ ಬಡ್ತಿಯಲ್ಲೂ ಸಿಕ್ಕಿಲ್ಲ.

ದೀಪಾವಳಿಗೆ ಮೂರನೇ ಸಾಲಿನ ಎಂಬತ್ತು ಕುಂಡಗಳು ಮಾತ್ರ ತಯಾರಿದ್ದವು; ಮೊದಲೆರಡು ಸಾಲುಗಳಲ್ಲಿ ಬದುಕಿದ ಗಿಡಗಳು ಆಗಷ್ಟೇ ಹೊಸ ಎಲೆ ಬಿಡುತ್ತಿದ್ದವು. ಆಸ್ಪತ್ರೆಯವರಿಗೆ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ಅವರು ನಕ್ಕು, ಮೊದಲು ಕೆಳಗಿನ ಅಂತಸ್ತಿಗೆ ಕೊಡಿ, ಮಿಕ್ಕದ್ದು ಯುಗಾದಿಗೆ ಬರಲಿ ಎಂದರು. ಆದರೆ ಮನೆಯ ಗಡುವು ಗಡುವೇ. ಕುಂಡಗಳನ್ನು ಗಾಡಿಗೆ ಏರಿಸುತ್ತಿದ್ದಾಗಲೇ ಭಾವ ಟ್ರ್ಯಾಕ್ಟರ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿ, "ಅಪ್ಪಾ, ಇನ್ನೂರ ನಲವತ್ತು ಅಂದಿದ್ದಿ, ಎಂಬತ್ತ ಹೊಂಟಾವ," ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನೀಲಮ್ಮ ನೆರಳುಪರದೆಯ ಹಗ್ಗ ಬಿಚ್ಚಲು ಕೈ ಹಾಕಿದಳು.

ಹನುಮಪ್ಪ ಟ್ರ್ಯಾಕ್ಟರಿನ ಸುತ್ತ ಒಮ್ಮೆ ನಡೆದು ಬಂದ. "ಉಳಿದದ್ದು ಕೆಡಿಸಿದಾಂವ ನಾನು. ದಂಡಾ ಆಕಿ ಯಾಕ ತುಂಬಬೇಕು? ಇದನ್ನ ಬೇವಿನ ಗಿಡದ ಕೆಳಗ ಹಚ್ಚು. ಟ್ರ್ಯಾಕ್ಟರಿಗಿ ಬಿಸಲ ಬಡಿದ್ರ ಎಲಿ ಕಂದೂದಿಲ್ಲ," ಎಂದ. ಭಾವನಿಗೂ ನಗು ತಡೆಯಲಾಗಲಿಲ್ಲ.

ನೌಕರಿಯ ಉಳಿದ ಎರಡು ವರ್ಷ, ಯಾವ ತೋಟಕ್ಕೆ ಹೋದರೂ ನಾನು ಎಲೆ ಮುಟ್ಟುವ ಮೊದಲು ಮನೆಯವರನ್ನೆಲ್ಲ ಕರೆದು ಕೂರಿಸಿ ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಗಿಡದ ಮೇಲೆ ನಿಮ್ಮಲ್ಲಿ ಯಾರ್ಯಾರಿಗೆ ಜೀವ? ಜನ ನಗುತ್ತಿದ್ದರು. ಆಮೇಲೆ ಮೂಲೆಯಲ್ಲಿ ಕೂತ ಯಾರೋ ಒಬ್ಬರು ನಿಧಾನವಾಗಿ ಕೈ ಎತ್ತುತ್ತಿದ್ದರು.