ಸೈರನ್ ಕೂಗದ ಬೆಳಿಗ್ಗೆ ಮತ್ತು ರಾಹೇಲ್ ಮೇಡಂ

ಕಳೆದ ಮೂವತ್ತೆರಡು ವರ್ಷಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಸೀಮೆಯಿಂದ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಕಲಿತು ಹೊರಟವರಲ್ಲಿ ಪ್ರೊಫೆಸರ್ ರಾಹೇಲ್ ಉಮ್ಮನ್ ಅವರಿಂದ ಬೈಸಿಕೊಳ್ಳದವರು ವಿರಳ. ನೆಲ್ಯಾಡಿಯ ರಬ್ಬರ್ ಕೃಷಿಕರ ಮಗಳಾದ ಅವರು ಪುತ್ತೂರಿನ ಖಾಸಗಿ ಕಾಲೇಜಿಗೆ ಸೇರಿದಾಗ ವಿಭಾಗದಲ್ಲಿದ್ದುದು ಆರೇ ಕಂಪ್ಯೂಟರ್. ದೂರದ ಮಂಡೆಕೋಲಿನಿಂದ ಬರುತ್ತಿದ್ದ ವಿದ್ಯಾರ್ಥಿನಿ ಗೋದಾವರಿಗೆ ಸಂಜೆಯ ಬಸ್ಸು ತಪ್ಪಬಾರದೆಂದು ಇಡೀ ತರಗತಿಯ ಲ್ಯಾಬನ್ನೇ ಬೆಳಿಗ್ಗೆಗೆ ಬದಲಿಸಿ, ಅದನ್ನು ಯಾರಿಗೂ ಹೇಳಿಕೊಳ್ಳದೆ ಇದ್ದವರು ಅವರು.

ನಾಲ್ಕು ವರ್ಷಗಳ ಹಿಂದೆ ಕಾಲೇಜು ಉಪ್ಪಿನಂಗಡಿಗೆ ಹೊಳೆಯ ನೀರು ಏರಿದರೆ ಸೈರನ್ ಕೂಗಿಸಿ ನೆರೆಯ ಮುನ್ಸೂಚನೆ ಕೊಡುವ ಪ್ರೋಗ್ರಾಮ್ ಬರೆಯಲು ಒಪ್ಪಿಕೊಂಡಿತು. ಅದನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯಬೇಕೆಂದು ರಾಹೇಲ್ ಲಿಖಿತವಾಗಿ ಕೇಳಿದರು. ಬರೆದದ್ದನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ, ಅಂದರೆ ಕಂಪೈಲರ್, ಆ ಭಾಷೆಯಲ್ಲಿ ಸ್ಮೃತಿ ಬಳಕೆಯ ತಪ್ಪುಗಳನ್ನು ಮೊದಲೇ ಹಿಡಿದು ತಡೆಯುತ್ತದೆ. ಪ್ರಾಂಶುಪಾಲ ಶ್ರೀರಾಮ ಅವರು ಆ ಕಾಗದವನ್ನು ಬದಿಗಿಟ್ಟರು.

"ಅದರ ಕಂಪೈಲರ್ ಸಾಲು ಸಾಲಿಗೆ ಜಗಳ ಮಾಡ್ತದೆ ಮೇಡಂ. ಸಮಯ ಎಲ್ಲುಂಟು?"

"ಅದು ಜಗಳ ಮಾಡಲಿ. ಹೊಳೆ ಬಂದು ಜಗಳ ಮಾಡುದು ಬೇಡ."

ಪ್ರೋಗ್ರಾಮ್ ಹಳೆಯ ಭಾಷೆಯಲ್ಲೇ ತಯಾರಾಯಿತು. ಮರುವರ್ಷ ಆಗಸ್ಟಿನ ಒಂದು ಬೆಳಿಗ್ಗೆ ನೇತ್ರಾವತಿ ದಡ ಮೀರಿತು, ಸೈರನ್ ಕೂಗಲಿಲ್ಲ. ಹೊಳೆಬದಿಯ ಮನೆಯಲ್ಲಿದ್ದ ಎಪ್ಪತ್ತರ ಕುಂಞಿಪಾತುಮ್ಮ ಕುತ್ತಿಗೆಮಟ್ಟದ ನೀರಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದರು. ನೆರೆಮನೆಯವರು ದೋಣಿ ತಂದು ಅವರನ್ನು ಎಳೆದುಕೊಂಡರು. ಆ ಹೊತ್ತು ಕಾಲೇಜಿನ ಪರವಾಗಿ ನೀರಿನ ಮಟ್ಟದ ಪರದೆ ಕಾಯುವ ಕರ್ತವ್ಯದಲ್ಲಿದ್ದ ಫೌಝಿಯಾ, ರಾಹೇಲರ ಹಳೆಯ ವಿದ್ಯಾರ್ಥಿನಿ, ನಿದ್ದೆ ಹೋಗಿದ್ದಳೆಂದು ಆರೋಪಿಸಿ ಕಾಲೇಜಿನ ಆಡಳಿತ ಅವಳನ್ನು ಕೆಲಸದಿಂದ ತೆಗೆಯಿತು.

"ನಾನು ಪರದೆ ನೋಡ್ತಾ ಇದ್ದೆ ಮೇಡಂ," ಎಂದಳು ಫೌಝಿಯಾ. "ನೀರು ಕಡಿಮೆ ಉಂಟು ಅಂತಲೇ ತೋರಿಸಿದ್ದು."

ರಾಹೇಲ್ ಮೂರು ದಿನ ಕುಳಿತು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದರು. ನೀರಿನ ಮಟ್ಟವನ್ನು ಬರೆದಿಟ್ಟ ಕಂಪ್ಯೂಟರ್ ಸ್ಮೃತಿಯ ಜಾಗದ ವಿಳಾಸ, ಅಂದರೆ ಪಾಯಿಂಟರ್, ಪ್ರೋಗ್ರಾಮಿನ ಎರಡು ಭಾಗಗಳ ಬಳಿ ಇತ್ತು. ಒಂದು ಭಾಗ ಕೆಲಸ ಮುಗಿಯಿತೆಂದು ಆ ಜಾಗವನ್ನು ಬಿಟ್ಟುಕೊಟ್ಟಿತ್ತು. ಪರದೆ ಮತ್ತು ಸೈರನ್ನಿನ ಭಾಗ ಮಾತ್ರ ಅದೇ ವಿಳಾಸದಿಂದ ಓದುತ್ತಲೇ ಇತ್ತು. ಅಲ್ಲಿ ಆಗಲೇ ಬೇರೆ ಯಾವುದೋ ಅಂಕಿ ಬಂದು ಕೂತಿತ್ತು. ಎಷ್ಟು ಭಾಗಗಳು ಬಳಸುತ್ತಿವೆ ಎಂದು ಎಣಿಸುವ ಹಂಚಿಕೆಯ ಪಾಯಿಂಟರ್ ಬಳಸಿದ್ದರೆ ಕೊನೆಯ ಭಾಗ ಕೈಬಿಡುವವರೆಗೆ ಆ ಜಾಗ ಉಳಿಯುತ್ತಿತ್ತು. ರಸ್ಟ್ ಆಗಿದ್ದರೆ ಇಂಥ ಪ್ರೋಗ್ರಾಮನ್ನು ಕಂಪೈಲರ್ ಹೊರಗೆ ಬಿಡುತ್ತಲೇ ಇರಲಿಲ್ಲ.

ಸಿಟ್ಟಿನಲ್ಲೇ ಅವರು ಇದನ್ನೆಲ್ಲ ವರದಿಯಾಗಿ ಬರೆದರು. ವರದಿಯನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟರು.

"ಎರಡು ವರ್ಷದಲ್ಲಿ ನಿವೃತ್ತಿ ಉಂಟು ನಿಮಗೆ. ಇದೆಲ್ಲ ಎಂತಕ್ಕೆ?" ಎಂದರು ಪ್ರಾಂಶುಪಾಲರು.

"ಬರೆದದ್ದು ನಾವು, ಬೈಸಿಕೊಂಡದ್ದು ಅವಳು. ಅವಳನ್ನು ವಾಪಸ್ ಕರೆಯುವ ಕಾಗದಕ್ಕೆ ನೀವು ರುಜು ಹಾಕುವವರೆಗೆ ನಾನು ಏಳುದಿಲ್ಲ."

ಮಧ್ಯಾಹ್ನದ ಹೊತ್ತಿಗೆ ರುಜು ಬಿತ್ತು. ಫೌಝಿಯಾ ಕೆಲಸಕ್ಕೆ ಮರಳಿದಳು. ರಾಹೇಲ್ ಮತ್ತು ಅವಳು ಸೇರಿ ಪ್ರೋಗ್ರಾಮನ್ನು ರಸ್ಟಿನಲ್ಲಿ ಹೊಸತಾಗಿ ಬರೆದರು. ಮುಂದಿನ ಮಳೆಗಾಲ ನೀರು ದಡ ಮೀರುವ ಎರಡು ಗಂಟೆ ಮೊದಲೇ ಸೈರನ್ ಕೂಗಿತು. ಆದರೆ ರಾಹೇಲರಿಗೆ ಸಲ್ಲಬೇಕಿದ್ದ ವಿಭಾಗದ ಮುಖ್ಯಸ್ಥರ ಸ್ಥಾನ ಕಿರಿಯರೊಬ್ಬರಿಗೆ ಹೋಯಿತು, ಮತ್ತು ಫೌಝಿಯಾಳಲ್ಲಿ ಕ್ಷಮೆ ಕೇಳಿದವರು ಇಂದಿಗೂ ಯಾರೂ ಇಲ್ಲ.

ಈ ಪ್ರಸಂಗವನ್ನು ರಾಹೇಲರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದಿಂದ ಬಿಡಬೇಕೆಂದು ಸಂಪಾದಕ ಸಮಿತಿಯ ಕೆಲವರು ಸೂಚಿಸಿದಾಗ, "ಹಾಗಾದರೆ ಪುಸ್ತಕವೇ ಬೇಡ," ಎಂದು ರಾಹೇಲ್ ಫೋನ್ ಇಟ್ಟರು. ಆದ್ದರಿಂದ ಅದು ಇಲ್ಲಿದೆ. ಅವರು ನೂರು ವರ್ಷ ಬಾಳಲಿ, ಶನಿವಾರಗಳಂದು ನೆಲ್ಯಾಡಿಯಲ್ಲಿ ಆರಂಭಿಸಿರುವ ಪ್ರೋಗ್ರಾಮಿಂಗ್ ಪಾಠ ನಡೆಯುತ್ತಿರಲಿ. ಅವರ ಸಿಟ್ಟು ತಣಿಯಲಿ ಎಂದು ಮಾತ್ರ ನಾವು ಹಾರೈಸುವುದಿಲ್ಲ.