ಹೇಳಿಕೆಯಲ್ಲಿ ಇಲ್ಲದ ಮರಿಗಳು

ಅಂಚೆ ಕಚೇರಿಯಿಂದ ಬೆಳಿಗ್ಗೆ ಫೋನ್ ಬಂತು, ಪೆಟ್ಟಿಗೆ ಬಂದಿದೆ ಎಂದು. ಹಿಂದೆಲ್ಲ ಫೋನಿನಲ್ಲೇ ಕೋಳಿಮರಿಗಳ ಚಿಲಿಪಿಲಿ ಕೇಳಿಸುತ್ತಿತ್ತು. ಅವತ್ತು ಕೇಳಿಸಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಕೇಳಿಸಿತೋ ಇಲ್ಲವೋ ನನಗೆ ನೆನಪಿಲ್ಲ.

ನೆನಪಿರುವುದನ್ನಷ್ಟೇ ಹೇಳುತ್ತೇನೆ. ಅಮೆರಿಕದ ಬ್ರಿಡ್ಜ್‌ವಾಟರ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮೈಸೂರಿನ ಮುಸ್ಲಿಂ ಹೆಂಗಸು. ಕೆಲಸದಿಂದ ನಿವೃತ್ತರಾದ ಮೇಲೆ ಹಿತ್ತಲಲ್ಲಿ ಕೋಳಿ ಸಾಕುತ್ತಾರೆ. ಪ್ರತಿ ವಸಂತದಲ್ಲೂ ದೂರದ ರಾಜ್ಯದಿಂದ ಒಂದು ದಿನದ ಮರಿಗಳನ್ನು ವಿಮಾನದ ಅಂಚೆಯಲ್ಲಿ ತರಿಸುತ್ತಿದ್ದರು; ಅಂಚೆ ಕಚೇರಿಯಿಂದ ಪೆಟ್ಟಿಗೆ ತಂದು ತೆರೆಯುವುದು ನನ್ನ ಕೆಲಸ. ಮೊಟ್ಟೆಯ ಹಳದಿಯನ್ನು ಹೀರಿಕೊಂಡೇ ಹೊರಬರುವ ಮರಿ ಎರಡು ಮೂರು ದಿನ ಕಾಳು ನೀರಿಲ್ಲದೆ ತಡೆಯುತ್ತದೆ. ಆ ವರ್ಷ ವಿಮಾನ ಕಂಪನಿಗಳು ಒಲ್ಲೆವೆಂದವು. ಪೆಟ್ಟಿಗೆ ಟ್ರಕ್ಕಿನಲ್ಲಿ ಬಂತು. ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಸತ್ತಿದ್ದವು.

ಅಂಚೆಯ ಮರಿಗಳನ್ನು ವಿಮಾನಗಳು ಒಯ್ಯಲೇಬೇಕೆಂಬ ಮಸೂದೆ ಬಂದಾಗ, ಕೋಳಿ ಸಾಕುವವರ ಸಂಘವೊಂದು ನಮ್ಮಿಬ್ಬರನ್ನೂ ಕಾಂಗ್ರೆಸ್ ಸದಸ್ಯರ, ಅಂದರೆ ಇಲ್ಲಿನ ಸಂಸದರ, ಸ್ಥಳೀಯ ಕಚೇರಿಗೆ ಕರೆದೊಯ್ಯಿತು. ಜೊತೆಗೆ ಬಂದ ಸಂಘದವನು ನನ್ನ ಹೇಳಿಕೆಯನ್ನು ತಾನೇ ಟೈಪ್ ಮಾಡಿ ತಂದಿದ್ದ. ಅದರಲ್ಲಿ ನಾನು ಪೆಟ್ಟಿಗೆ ತೆರೆದಾಗ ಮರಿಗಳೆಲ್ಲ ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದವು. ಸತ್ತ ಮರಿಗಳ ಸುದ್ದಿ ಎತ್ತಿದರೆ, ಅಂಚೆಯಲ್ಲಿ ಜೀವ ಕಳಿಸುವುದನ್ನೇ ನಿಲ್ಲಿಸಿ ಎನ್ನುವವರಿಗೆ ಅನುಕೂಲವೆಂದು ಕಾರಿನಲ್ಲೇ ಎಚ್ಚರಿಸಿದ್ದ.

ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗದ ಆಂಟಿ ಒಂದು ಡಜನ್ ಮೊಟ್ಟೆ ತಂದಿದ್ದರು. ಕಚೇರಿಯ ಹುಡುಗಿ, "ಸಾರಿ, ವಿ ಕಾಂಟ್ ಟೇಕ್ ಗಿಫ್ಟ್ಸ್" ಎಂದು ಅದನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದಳು.

"ಲಂಚ ಅಂದ್ಕೊಂಡ್ಬಿಟ್ಲು ನೋಡಮ್ಮಾ," ಎಂದರು ಆಂಟಿ ನನಗೆ. "ಲಂಚ ಕೊಡೋಳಾಗಿದ್ರೆ ಬಿರಿಯಾನಿನೇ ತರ್ತಿದ್ದೆ."

"ಐ ಅಂಡರ್‌ಸ್ಟ್ಯಾಂಡ್ ಕನ್ನಡ, ಆಂಟಿ," ಎಂದಳು ಹುಡುಗಿ. ಹತ್ತಿರದ ಪ್ಲೇನ್ಸ್‌ಬರೋದಲ್ಲಿ ಬೆಳೆದ ಕನ್ನಡದ ಮನೆಯವಳಂತೆ.

ನಗು ನಿಂತ ಮೇಲೆ ಪೆನ್ನು ತೆಗೆದು, ಮರಿಗಳು ಯಾವತ್ತಾದರೂ ಸತ್ತು ಬಂದದ್ದುಂಟೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಸಂಘದವನು ನನ್ನ ಮುಂದಿದ್ದ ಹೇಳಿಕೆಯ ಮೇಲೆ ಬೆರಳಿಟ್ಟ. ಮಸೂದೆ ಬಿದ್ದರೆ ಆಂಟಿಯ ಹಿತ್ತಲಿಗೆ ಇನ್ನು ವಿಮಾನದಲ್ಲಿ ಮರಿ ಬರುವುದಿಲ್ಲ. ಅದು ನನಗೂ ಗೊತ್ತಿತ್ತು.

"ಬಂದಿವೆ," ಎಂದೆ. "ಅರ್ಧ ಸತ್ತಿದ್ದವು."

"ಟ್ರಕ್ ತಡವಾದದ್ದರಿಂದ, ಅಲ್ಲವೇ?" ಸಂಘದವನು ಥಟ್ಟನೆ ದಾರಿ ತೋರಿಸಿದ.

"ಇರಬಹುದು. ಆ ವಾರ ಚಳಿಯೂ ಇತ್ತು. ಯಾವುದರಿಂದ ಸತ್ತವೋ ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ನಿಮಗೂ ಹೇಳಲ್ಲ, ನಿಮ್ಮ ಎದುರಾಳಿಗಳಿಗೂ ಹೇಳಲ್ಲ."

ಹೊರಗೆ ಬಂದಾಗ ಸಂಘದವನು ನೇರ ಕಾರಿನ ಕಡೆ ನಡೆದ. ಆಂಟಿ ಮೊಟ್ಟೆಯ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತರು.

"ಸಿಟ್ಟಾ ಆಂಟಿ?"

"ಸಿಟ್ಟೇ. ಬರೀ ಬಾಯಲ್ಲಿ ಹೇಳಿದ್ಯಲ್ಲ! ಇವನು ಟೈಪ್ ಮಾಡಿದ್ದು ಒಳಗೆ ಫೈಲಿಗೆ ಹೋಗುತ್ತೆ, ನೀನು ಹೇಳಿದ್ದು ಗಾಳಿಗೆ ಹೋಗುತ್ತೆ. ಪೆನ್ ತೆಗಿ."

ನನ್ನ ಬಳಿಯಿದ್ದ ಪ್ರತಿಯ ಹಿಂಬದಿಯಲ್ಲಿ, ಪಾರ್ಕಿಂಗ್ ಲಾಟ್‌ನಲ್ಲಿ ನಿಂತೇ ಬರೆದೆ: ಅರ್ಧ ಸತ್ತವು. ನಾವೇ ಹೂತೆವು. ಕಾರಣ ಗೊತ್ತಿಲ್ಲ. ಉಳಿದವು ಈಗ ಮೊಟ್ಟೆ ಇಡುತ್ತಿವೆ. ಆದಷ್ಟು ಬೇಗ ತಲುಪುವ ದಾರಿ ನಮಗೆ ಬೇಕು.

ಆಂಟಿ ಸಹಿ ಹಾಕಿದರು. ಸಂಘದವನು ಹಾರ್ನ್ ಹೊಡೆದ. ಆಂಟಿ ಆ ಕಾಗದ ಹಿಡಿದುಕೊಂಡು, ಅವನತ್ತ ತಿರುಗಿಯೂ ನೋಡದೆ, ಮತ್ತೆ ಕಚೇರಿಯೊಳಗೆ ಹೋದರು.