ಬಟ್ಟೆ ಬಿಟ್ಟವರು, ಬಟ್ಟೆ ತೊಡಿಸಿದವನು

ದೋಹಾದಲ್ಲಿ ಎಂತ ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ "ಪುಸ್ತಕದ ಕಂಪೆನಿಯಲ್ಲಿ ಕ್ಲರ್ಕ್" ಎನ್ನುತ್ತಿದ್ದೆ. ವೀಸಾದಲ್ಲಿ ಹಾಗೆಯೇ ಇತ್ತು. ನಿಜವಾದ ಕೆಲಸ ಬೇರೆ. ಪರದೇಶದಿಂದ ಬಂದ ಪತ್ರಿಕೆಗಳ ಕಟ್ಟು ಬಿಚ್ಚಿ, ಒಂದೊಂದೇ ಪುಟ ತಿರುವಿ, ಬಟ್ಟೆ ಕಡಿಮೆ ತೊಟ್ಟವರ ಮೇಲೆ ಕಪ್ಪು ಮಾರ್ಕರ್ ಎಳೆಯುವುದು. ಈ ಸಂಸ್ಕಾರ ಆಗದೆ ಒಂದು ಪ್ರತಿಯೂ ಅಂಗಡಿಗೆ ಹೋಗುವಂತಿರಲಿಲ್ಲ.

ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುವುದಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಉಳಿದವರು ಮಸಿ ಬಳಿದು ಪುಟವನ್ನೇ ಕೆಡಿಸುತ್ತಿದ್ದರು, ಮಸಿ ಹಿಂದಿನ ಪುಟಕ್ಕೂ ಇಳಿಯುತ್ತಿತ್ತು. ನಾನು ಪುಟದ ಅಡಿಗೆ ಒಂದು ರಟ್ಟು ಇಟ್ಟು, ಭುಜಕ್ಕೆ ತೋಳು, ಮೊಣಕಾಲಿನವರೆಗೆ ಲಂಗ, ಕುತ್ತಿಗೆಗೆ ಕಾಲರ್ ಎಲ್ಲ ನೀಟಾಗಿ ಬರೆಯುತ್ತಿದ್ದೆ. ಯುರೋಪಿನ ಎಷ್ಟೋ ಸುಂದರಿಯರಿಗೆ ನಾನು ಹೊಲಿಗೆ ಯಂತ್ರವಿಲ್ಲದೆ ಬಟ್ಟೆ ಹೊಲಿದಿದ್ದೇನೆ. ನಮ್ಮ ಮೇಲಧಿಕಾರಿ ಸುಡಾನಿನ ಹಿರಿಯರು, ನಾವು ಅವರನ್ನು ಮುದೀರ್ ಎಂದೇ ಕರೆಯುತ್ತಿದ್ದೆವು. ಹೊಸಬರು ಬಂದರೆ ಅವರು ನನ್ನ ಪುಟಗಳನ್ನೇ ಮಾದರಿಯಾಗಿ ತೋರಿಸುತ್ತಿದ್ದರು.

ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದವರು ಕಾರ್ಕಳ ಕಡೆಯ ಒಬ್ಬ ಬ್ಯಾರಿ ಮುಸಲ್ಮಾನರು. ನನಗಿಂತ ಹತ್ತು ವರ್ಷ ದೊಡ್ಡವರು, ದೋಹಾಕ್ಕೆ ಬಂದು ಕಾಲು ಶತಮಾನವಾಗಿತ್ತು. ನಾನೂ ಅದೇ ಊರಿನ ಜೈನ. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ. ನಾನು ಅವರಿಗೆ "ಬ್ಯಾರಿಗಳೇ" ಎಂದರೆ ಅವರು ನನಗೆ "ಜೈನರೇ" ಎನ್ನುತ್ತಿದ್ದರು. ಮಾರ್ಕರ್ ಹಿಡಿಯುವುದರಲ್ಲಿ ಅವರ ಕೈ ಮಹಾ ಒರಟು.

ಒಂದು ದಿನ ಯಾವುದೋ ಪ್ರವಾಸಿ ಪತ್ರಿಕೆಯಲ್ಲಿ ನಾಲ್ಕು ಪುಟದ ಲೇಖನ ಬಂತು. ಫ್ರಾನ್ಸಿನ ಕಡಲ ತೀರದಲ್ಲಿ ಒಂದು ಊರಂತೆ, ಅಲ್ಲಿ ಅಂಗಡಿಯವನಿಂದ ಗಿರಾಕಿಯವರೆಗೆ ಯಾರೂ ಬಟ್ಟೆ ತೊಡುವುದಿಲ್ಲವಂತೆ. ಇದಕ್ಕೆ ಮಾರ್ಕರ್ ಸಾಲದು, ನಾಲ್ಕೂ ಪುಟ ಹರಿದು ತೆಗೆಯಿರಿ ಎಂದು ಮುದೀರ್ ಅಪ್ಪಣೆ ಮಾಡಿದರು. ಹರಿಯುವ ಮೊದಲು ನಾನು ಪೂರ್ತಿ ಓದಿದೆ. ಓದದೆ ಹರಿಯುವುದು ನನ್ನ ಜಾಯಮಾನವಲ್ಲ.

"ಎಂತ ಬರೆದಿದ್ದಾರೆ ಜೈನರೇ, ಅಷ್ಟು ಹೊತ್ತು ಓದುವಂಥದ್ದು?" ಎಂದು ಬ್ಯಾರಿಗಳು ಕೇಳಿದರು.

ನಾನು ವಿವರಿಸಿದೆ. ನ್ಯೂಡಿಸ್ಟ್ ಬೇರೆ, ನ್ಯಾಚುರಿಸ್ಟ್ ಬೇರೆ ಎಂದು ಆ ಲೇಖನದ ವಾದ. ಬಿಸಿಲಿಗೆ ಮೈ ಕಾಸಲು, ಈಜಲು, ಸುಮ್ಮನೆ ಹಾಯೆನಿಸುತ್ತದೆಂದು ಬಟ್ಟೆ ಕಳಚುವವನು ನ್ಯೂಡಿಸ್ಟ್. ಹೊತ್ತು ಇಳಿದರೆ ಅವನ ಕತೆ ಮುಗಿಯಿತು. ನ್ಯಾಚುರಿಸ್ಟನಿಗೆ ಅದೊಂದು ಬದುಕಿನ ಕ್ರಮ. ಮರ, ನೀರು, ಗಾಳಿಯ ಜತೆ ಹೊಂದಿಕೊಂಡು ಬದುಕಬೇಕು, ತನ್ನ ಮೈಯನ್ನೂ ಇತರರ ಮೈಯನ್ನೂ ಗೌರವದಿಂದ ಕಾಣಬೇಕು. ಕೆಲವರು ಮಾಂಸವನ್ನೂ ಬಿಟ್ಟಿರುತ್ತಾರೆ. ಬಟ್ಟೆ ಬಿಡುವುದು ಅದರಲ್ಲಿ ಒಂದು ಭಾಗ ಮಾತ್ರ.

"ನನಗೆ ಎರಡೂ ಒಂದೇ ಕಾಣುತ್ತದೆ. ಬಟ್ಟೆ ಇಲ್ಲ, ಅಷ್ಟೇ ಅಲ್ಲವಾ?"

ಅಷ್ಟು ಸಾಕಾಯಿತು ನನಗೆ. ಬಾಯಿ ಹಾಕಬೇಡ ಎಂದರೂ ಹಾಕುವವನು, ಕೇಳಿದರೆ ಬಿಡುತ್ತೇನೆಯೇ? ಬೆತ್ತಲೆಯ ವಿಷಯದಲ್ಲಿ ಜೈನನಿಗೆ ಪಾಠ ಹೇಳಲು ಫ್ರಾನ್ಸಿನವನು ಯಾಕೆ ಬರಬೇಕು! ಬಟ್ಟೆ ಕಳಚುವವನು, ಬಟ್ಟೆಯಿಲ್ಲದೆ ಬದುಕಲು ಹೊರಟವನು, ಇಬ್ಬರಿಗೂ ಮನೆಯಲ್ಲಿ ಕಪಾಟು ಇದೆ; ರಜೆ ಮುಗಿದ ಮೇಲೆ ಇಬ್ಬರೂ ಪ್ಯಾಂಟು ಹುಡುಕುತ್ತಾರೆ ಎಂದೆ. ನಮ್ಮ ದಿಗಂಬರ ಮುನಿಗಳ ದಾರಿಯೇ ಬೇರೆ. ಅವರು ಮೊದಲು ಬಿಡುವುದು ಮನೆ, ಆಸ್ತಿ, ಸಂಬಂಧ, ಸಿಟ್ಟು, ಕೊನೆಗೆ ಹೆಸರು ಸಹ. ಬಟ್ಟೆ ಅವುಗಳ ಜತೆಗೆ ತಾನಾಗಿ ಹೋಗುತ್ತದೆ. ಚಿಕ್ಕವನಿದ್ದಾಗ ಮುನಿಗಳು ನಮ್ಮ ಮನೆಗೆ ಆಹಾರಕ್ಕೆ ಬಂದದ್ದನ್ನೂ ಹೇಳಿದೆ. ಅವರು ನಿಂತುಕೊಂಡೇ ಬೊಗಸೆಯಲ್ಲಿ ಉಂಡರು. ಪಕ್ಕದಲ್ಲಿ ನವಿಲುಗರಿಯ ಪಿಂಛಿ, ಕಮಂಡಲ. ಬಡಿಸುತ್ತಿದ್ದ ಅಮ್ಮ, ಅತ್ತೆಯರು ಯಾರಿಗೂ ಸಂಕೋಚವೆಂಬುದಿರಲಿಲ್ಲ. ಮುನಿಗಳ ಮೈಮೇಲೆ ಬಟ್ಟೆಯಿಲ್ಲ ಎಂಬುದು ನನಗೆ ಹೊಳೆದದ್ದೇ ಎಷ್ಟೋ ದಿನಗಳ ಮೇಲೆ.

ಬ್ಯಾರಿಗಳು ಎಲ್ಲವನ್ನೂ ಗಮನವಿಟ್ಟು ಕೇಳಿ, "ಹೌದು, ಅದು ಸರಿ" ಎಂದರು. ನಾನು ಗೆದ್ದೆ ಎಂದುಕೊಂಡು ನಾಲ್ಕು ಪುಟ ಹರಿದೆ.

ಅದೇ ವರ್ಷ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ಇಲ್ಲಿ ದೋಹಾವನ್ನು ಏಷ್ಯನ್ ಗೇಮ್ಸ್‌ಗೆಂದು ಮೂಲೆ ಮೂಲೆ ಅಗೆದು ಹಾಕಿದ್ದರು. ನನಗೆ ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿಯ ಜತೆ ಕಳೆದದ್ದು ಒಂದೂವರೆ ತಿಂಗಳು. ಬಿನ್ ಮಹಮೂದ್ ಬಡಾವಣೆಯಲ್ಲಿ ಎರಡು ಕೋಣೆಯ ಮನೆಗೆ ಮಾತು ಕೊಟ್ಟಾಗಿತ್ತು. ಅವಳನ್ನು ಕರೆಸಿಕೊಳ್ಳಲು ಕಂಪೆನಿಯ ಒಪ್ಪಿಗೆ ಪತ್ರವೊಂದು ಬಾಕಿ, ಅದಕ್ಕೆ ಮುದೀರ್ ಸಹಿ ಹಾಕಬೇಕು. ಅದೂ ಆ ವಾರವೇ. ಹಿಂದಿನ ತಿಂಗಳಷ್ಟೇ ಒಂದು ಪುಟ ಕಣ್ತಪ್ಪಿದ್ದಕ್ಕೆ ಒಬ್ಬನನ್ನು ಊರಿಗೆ ಕಳಿಸಿದ್ದರು.

ಆಗ ಭಾರತದಿಂದ ಒಂದು ಪತ್ರಿಕೆಯ ಕಟ್ಟು ಬಂತು. ಬಿಚ್ಚಿದೆ. ಮುಖಪುಟದ ತುಂಬ ಗೊಮ್ಮಟ. ತಲೆಯಿಂದ ಹಾಲು, ಅರಿಶಿನ ಇಳಿಯುತ್ತಿವೆ, ತೊಡೆಗೆ ಬಳ್ಳಿ ಹಬ್ಬಿದೆ. ಕೈ ತಾನಾಗಿ ಮುಗಿಯಲು ಹೋಯಿತು. ಅಷ್ಟರಲ್ಲಿ ಆಚೀಚೆ ನೋಡಿದೆ.

ಬ್ಯಾರಿಗಳು ಅಸರ್ ನಮಾಜಿಗೆ ಹೋಗಿದ್ದರು. ಸಂಶಯ ಬಂದರೆ ಮುದೀರರನ್ನು ಕೇಳಬೇಕು ಎಂಬುದು ನಮ್ಮ ಆಫೀಸಿನ ನಿಯಮ. ನಾನು ಕೇಳಲಿಲ್ಲ. ಅವರು ಪತ್ರಕ್ಕೆ ಸಹಿ ಹಾಕುವ ವಾರದಲ್ಲಿ, ಅವರೆದುರು ಈ ಚಿತ್ರ ಹಿಡಿದು "ಇವರು ನಮ್ಮ ಸ್ವಾಮಿ" ಎಂದು ಹೇಳುವುದು ನನ್ನಿಂದಾಗಲಿಲ್ಲ. ಹೆದರಿಕೆ ಎಂದು ನಾನು ಬಹಳ ಕಾಲ ಹೇಳಿಕೊಂಡೆ. ಹೆದರಿಕೆ ಮಾತ್ರವಲ್ಲ, ನನಗೆ ನಾಚಿಕೆಯಾಗಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ರಟ್ಟು ಇಟ್ಟು ಮಾರ್ಕರ್ ತೆಗೆದೆ. ಮಾಡುವುದೇ ಆದರೆ ಚೆನ್ನಾಗಿ ಮಾಡೋಣವೆಂದು ಸೊಂಟಕ್ಕೆ ಒಂದು ಪಟ್ಟಿ, ಅದರಿಂದ ಇಳಿಬಿದ್ದ ತುಂಡು ಪಂಚೆ, ಅದಕ್ಕೆ ಎರಡು ನೆರಿಗೆ. ನಲವತ್ತು ಪ್ರತಿ ಮುಗಿಯುವಷ್ಟರಲ್ಲಿ ಬ್ಯಾರಿಗಳು ಬಂದು ಹಿಂದೆ ನಿಂತದ್ದು ಗೊತ್ತಾಯಿತು.

"ಇದೆಂತ ಮಾಡಿದ್ದು ನೀವು?"

"ರೂಲ್ಸ್ ರೂಲ್ಸೇ ಅಲ್ಲವಾ ಬ್ಯಾರಿಗಳೇ."

"ಇದು ಗೊಮ್ಮಟ ಅಲ್ಲವಾ ಮಾರಾಯರೇ! ಶಾಲೆ ಬಿಟ್ಟರೆ ನಾವು ನಮ್ಮ ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತಿ ಓಡುತ್ತಿದ್ದದ್ದು. ಮೇಲೆ ಮುಟ್ಟುವಾಗ ಚಪ್ಪಲಿ ಬಿಡು ಅಂತ ನನ್ನ ಉಮ್ಮ ಹೇಳಿ ಕಳಿಸುತ್ತಿದ್ದರು." ಅವರ ದನಿ ಏರಿತ್ತು. ಅವರು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಉಳಿದ ಕಟ್ಟನ್ನು ಎತ್ತಿಕೊಂಡು, ನನ್ನನ್ನು ಕೇಳದೆ, ನೇರ ಮುದೀರರ ಕೋಣೆಗೆ ಹೋದರು. ನಾನೂ ಆ ನಲವತ್ತು ಪ್ರತಿ ಹಿಡಿದುಕೊಂಡು ಹಿಂದೆ ಹೋದೆ. ಖಲಾಸ್, ಪತ್ರವೂ ಹೋಯಿತು, ಕೆಲಸವೂ ಹೋಯಿತು ಎಂದೇ ಅಂದುಕೊಂಡೆ.

ಬ್ಯಾರಿಗಳು ಅರಬಿಯಲ್ಲಿ ಹೇಳಿದ್ದು ನನಗೆ ಅರ್ಥವಾಗುವಷ್ಟಿತ್ತು. ಇವನು ಒಬ್ಬ ರಾಜಕುಮಾರ. ಅಣ್ಣನೊಂದಿಗೆ ಹೋರಾಡಿ ಗೆದ್ದ. ಗೆದ್ದ ರಾಜ್ಯವನ್ನು ಅಣ್ಣನಿಗೇ ಕೊಟ್ಟು ಕಾಡಿಗೆ ಹೋದ. ಜಾಹಿದ್, ಲೋಕವನ್ನೇ ಬಿಟ್ಟವನು.

ಮುದೀರ್ ಕನ್ನಡಕ ಹಣೆಗೇರಿಸಿ ಮುಖಪುಟವನ್ನು ನೋಡಿದರು. "ಕಾಲಿಗೆ ಬಳ್ಳಿ ಯಾಕೆ?"

"ಅಷ್ಟು ಕಾಲ ಅಲುಗಾಡದೆ ನಿಂತಿದ್ದ."

ಮುದೀರ್ ಯಾರಿಗೋ ಫೋನು ಮಾಡಿದರು. ಫೋನು ಇಟ್ಟು, "ಮಾಫಿ ಮುಷ್ಕಿಲ್, ತೊಂದರೆಯಿಲ್ಲ, ಹಾಗೆಯೇ ಹೋಗಲಿ" ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ನಲವತ್ತರಲ್ಲಿ ಒಂದನ್ನು ತೆಗೆದು ನೆರಿಗೆಗಳ ಮೇಲೆ ಬೆರಳಾಡಿಸಿ, ಎಂದಿನಂತೆ ನನ್ನ ಕೆಲಸವನ್ನು ಹೊಗಳಿದರು. ಇವೂ ಹೋಗಲಿ ಎಂದರು. ಎರಡು ದಿನಗಳಲ್ಲಿ ಪತ್ರಕ್ಕೆ ಸಹಿಯೂ ಬಿತ್ತು. ಬ್ಯಾರಿಗಳು ಮೊದಲಿನಂತೆಯೇ ಚಹಾ ತರಿಸಿಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಹೆಂಡತಿ ಬಂದಳು. ಮೊದಲ ತಿಂಗಳೇ ದೋಹಾದ ಧೂಳಿಗೆ ಅವಳಿಗೆ ಕೆಮ್ಮು ಹಿಡಿಯಿತು, ಮನೆಯ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ರಾಶಿ. ಅದರಲ್ಲೊಂದನ್ನು ಎಳೆದು ತೆಗೆದವಳು ನಗತೊಡಗಿದಳು.

"ಇಲ್ಲಿ ನೋಡಿ, ಸ್ವಾಮಿಗೆ ಪಂಚೆ ಉಡಿಸಿದ್ದಾರೆ! ಪಾಪ, ಯಾರೋ ಏನೂ ಗೊತ್ತಿಲ್ಲದವರು."

ನಾನು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ನೆರಿಗೆಗಳನ್ನು ನೋಡಿದ ಮೇಲೆ ಆಗಲಿಲ್ಲ.

"ನಾನೇ ಮಾಡಿದ್ದು" ಎಂದೆ.

ಅವಳ ನಗು ನಿಂತಿತು. "ಯಾಕೆ?"

"ನೀನು ಬರಬೇಕಿತ್ತಲ್ಲ. ಪತ್ರಕ್ಕೆ ಸಹಿ ಆಗದೆ ಹೋದರೆ ಅಂತ."

ಅವಳು ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡಳು. ನರ್ಸ್ ಅವಳ ನಂಬರು ಕರೆದಳು, ಅವಳು ಏಳಲಿಲ್ಲ.

"ತಡವಾಗಿದ್ದರೂ ನಾನು ಕಾಯುತ್ತಿದ್ದೆನಲ್ಲ" ಎಂದಳು.